ಯಾರಿಗೆ ಯಾವ ಕಾರ್ಡ್ ಕಾಣಬೇಕು: ಒಂದು ಪಾರ್ಟಿ ಆಟ ಕಟ್ಟಿದ ಅನುಭವ

ಆಟದ ನಿಯಮ ಬಹಳ ಸುಲಭ. ಒಬ್ಬರು ಪ್ರಶ್ನೆ ಕಾರ್ಡ್ ಓದುತ್ತಾರೆ, ಅದರಲ್ಲಿ ಒಂದು ಬಿಟ್ಟ ಸ್ಥಳ. ಉಳಿದವರು ಕೈಯಲ್ಲಿರುವ ಕಾರ್ಡ್‌ಗಳಲ್ಲಿ ಒಂದನ್ನು ಗುಟ್ಟಾಗಿ ಕೊಡುತ್ತಾರೆ. ಜಾಸ್ತಿ ನಗಿಸಿದ್ದು ಯಾವುದು ಅಂತ ಓದಿದವರೇ ತೀರ್ಪು ಹೇಳುತ್ತಾರೆ. ಇದನ್ನು ಬ್ರೌಸರ್‌ನಲ್ಲಿ ಆಡುವಂತೆ ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಮತ್ತು ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಬಳಸಿ ಬರೆದೆ. ಡೇಟಾಬೇಸ್ ಇಡಲಿಲ್ಲ. ಕೂತಲ್ಲೇ ಆಡಿ ಮುಗಿಸುವ ಆಟಕ್ಕೆ ಅದೆಲ್ಲ ಯಾಕೆ ಹೇಳಿ? ಎಲ್ಲವೂ ಸರ್ವರ್ ಮೆಮೊರಿಯಲ್ಲೇ.

ಕಾರ್ಡ್ ಕಲೆಸಲು ಫಿಶರ್-ಯೇಟ್ಸ್ ವಿಧಾನ ಸಾಕು: ಕೊನೆಯ ಕಾರ್ಡ್‌ನಿಂದ ಹಿಂದಕ್ಕೆ ಬರುತ್ತಾ, ಪ್ರತಿಯೊಂದನ್ನೂ ಅದೂ ಸೇರಿದಂತೆ ಅದರ ಹಿಂದಿನವುಗಳಲ್ಲಿ ಕಣ್ಣುಮುಚ್ಚಿ ಆರಿಸಿದ ಒಂದರ ಜೊತೆ ಅದಲುಬದಲು ಮಾಡುವುದು. ಸಾರ್ಟ್ ಫಂಕ್ಷನ್‌ಗೆ ರ್‍ಯಾಂಡಮ್ ಸಂಖ್ಯೆ ತುರುಕುವ ಒಂದು ಸಾಲಿನ ಉಪಾಯ ಎಲ್ಲೆಡೆ ಕಾಣಿಸುತ್ತದೆ. ಅದರಲ್ಲಿ ಎಲ್ಲ ಜೋಡಣೆಗೂ ಸಮಾನ ಅವಕಾಶ ಸಿಗುವುದಿಲ್ಲ.

ನಿಜವಾದ ಕೆಲಸ ಇರುವುದು ಮುಚ್ಚಿಡುವುದರಲ್ಲಿ. ಆಟದ ಪೂರ್ತಿ ಸ್ಥಿತಿಯನ್ನು ಎಲ್ಲರಿಗೂ ಕಳಿಸಿ, ತೆರೆಯ ಮೇಲೆ ಬೇಕಾದಷ್ಟನ್ನೇ ತೋರಿಸುವುದು ಬರೆಯಲು ಸುಲಭ. ಆದರೆ ಬ್ರೌಸರ್‌ಗೆ ಬಂದದ್ದನ್ನೆಲ್ಲ ತೋರಿಸುವ ಡೆವಲಪರ್ ಟೂಲ್ಸ್ ತೆರೆದರೆ ಎಲ್ಲರ ಕೈಯೂ ಬಯಲು. ಹಾಗಾಗಿ ಪ್ರತಿ ಆಟಗಾರರಿಗೂ ಅವರಿಗೆ ಕಾಣಬೇಕಾದ್ದನ್ನು ಮಾತ್ರ ಆರಿಸಿ ಕೊಡುವ ಒಂದು ಫಂಕ್ಷನ್ ಬರೆದೆ. ಅದನ್ನು ದಾಟದೆ ಯಾವ ಸಂದೇಶವೂ ಹೊರಗೆ ಹೋಗುವುದಿಲ್ಲ.

ಅಷ್ಟಾದರೂ ಗುಟ್ಟು ಸೋರುವ ದಾರಿ ಇದೆ. ಯಾರು ಕಾರ್ಡ್ ಕೊಟ್ಟಾಯಿತು ಅಂತ ಹೆಸರಿನ ಪಕ್ಕ ಟಿಕ್ ಬೀಳುತ್ತದೆ. ಬಂದ ಕ್ರಮದಲ್ಲೇ ಕಾರ್ಡ್ ತೆರೆದರೆ, ಮೊದಲ ಟಿಕ್ ಯಾರದ್ದೋ ಮೊದಲ ಕಾರ್ಡ್ ಅವರದ್ದೇ ಅಂತ ತೀರ್ಪುಗಾರರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ತೆರೆಯುವ ಮುಂಚೆ ಇನ್ನೊಮ್ಮೆ ಕಲೆಸಬೇಕು. ತೀರ್ಪು ಬರುವವರೆಗೂ ಆಟಗಾರರ ಐಡಿ ಕಾರ್ಡ್ ಜೊತೆ ಹೋಗಬಾರದು.

ಆಮೇಲೆ ಮೊಬೈಲ್‌ಗಳ ಕಾಟ. ಸ್ಕ್ರೀನ್ ಲಾಕ್ ಆದರೆ ಬ್ರೌಸರ್ ಟ್ಯಾಬನ್ನು ಮಲಗಿಸಬಹುದು, ಸಾಕೆಟ್ ಸಾಯಬಹುದು. ಸಾಕೆಟ್ಟೇ ಆಟಗಾರ ಅಂತ ಹಿಡಿದರೆ ಮರಳಿ ಬಂದವರು ಹೊಸಬರಾಗಿಬಿಡುತ್ತಾರೆ, ಅಂಕ ಹೋಗುತ್ತದೆ. ಅದಕ್ಕೆ ಒಳಗೆ ಬಂದಾಗಲೇ ಊಹಿಸಲಾಗದ ಒಂದು ಟೋಕನ್ (ಗುರುತಿನ ಗುಟ್ಟು ಸಂಕೇತ) ಕೊಟ್ಟು, ಬ್ರೌಸರ್‌ನಲ್ಲೇ ಉಳಿಯುವ ಲೋಕಲ್ ಸ್ಟೋರೇಜ್‌ನಲ್ಲಿ ಇಡಿಸುತ್ತೇನೆ. ಅದನ್ನು ತೋರಿಸಿದರೆ ಹಳೇ ಕಾರ್ಡ್‌ಗಳೇ ಕೈಗೆ. ಇನ್ನು ನೆಟ್‌ವರ್ಕ್ ಸದ್ದಿಲ್ಲದೆ ಕಡಿದರೆ ಸರ್ವರ್‌ಗೆ ತಕ್ಷಣ ತಿಳಿಯುವುದೇ ಇಲ್ಲ. ‘ಇದ್ದೀಯಾ?’ ಅಂತ ಕೇಳುವ ಚಿಕ್ಕ ಸಂದೇಶ, ಅಂದರೆ ಪಿಂಗ್, ಕಳಿಸುತ್ತಿರಬೇಕು. ಅದನ್ನು ಸರ್ವರ್ ಕಡೆಯಿಂದಲೇ ಕಳಿಸಬೇಕು, ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ಗೆ ವೆಬ್‌ಸಾಕೆಟ್ ಪಿಂಗ್ ಕಳಿಸುವ ದಾರಿ ಇಲ್ಲ. ಪಾಂಗ್ ಉತ್ತರವನ್ನು ಬ್ರೌಸರ್ ತಾನೇ ಕೊಡುತ್ತದೆ.

ತೀರ್ಪುಗಾರರೇ ಮಾಯವಾದರೆ? ಸ್ವಲ್ಪ ಕಾದು, ಕೊಟ್ಟ ಕಾರ್ಡ್‌ಗಳನ್ನು ಅವರವರಿಗೆ ವಾಪಸ್ ಕೊಟ್ಟು, ಮುಂದಿನವರಿಗೆ ಸರದಿ ದಾಟಿಸುತ್ತೇನೆ. ಸುತ್ತು ಮುಗಿದ ಮೇಲೆ ತಡವಾಗಿ ಬಂದು ಬೀಳುವ ಕ್ಲಿಕ್‌ಗಳೂ ಇರುತ್ತವೆ. ಪ್ರತಿ ಸಂದೇಶದಲ್ಲೂ ಸುತ್ತಿನ ಸಂಖ್ಯೆ ಇದ್ದರೆ ಹಳೆಯದನ್ನು ಸುಮ್ನೆ ಬಿಸಾಕಬಹುದು.

ಲೈಸೆನ್ಸ್ ವಿಷಯಕ್ಕೆ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಯೋಚಿಸಬೇಕಾಯಿತು. ಕೋಡ್‌ಗೆ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಲು ಬಿಡುವ ಬಗೆ) ಆರಿಸಿದೆ. ಬರೀ ಜಿಪಿಎಲ್ (ಪ್ರೋಗ್ರಾಮನ್ನು ಹಂಚಿದಾಗ ಮಾತ್ರ ಮೂಲ ಕೋಡ್ ಕೇಳುವ ಲೈಸೆನ್ಸ್) ಇದ್ದರೆ, ಯಾರಾದರೂ ಕೋಡ್ ಬದಲಿಸಿ ತಮ್ಮ ಸರ್ವರ್‌ನಲ್ಲಿ ಓಡಿಸಿದಾಗ ಆಡುವವರಿಗೆ ಮೂಲ ಕೋಡ್ ಕೊಡಬೇಕಾಗಿಲ್ಲ. ಎಜಿಪಿಎಲ್‌ನಲ್ಲಿ ಕೊಡಲೇಬೇಕು. ಕಾರ್ಡ್‌ಗಳ ಮಾತೇ ಬೇರೆ. ಇದೇ ಬಗೆಯ ಹೆಸರಾದ ಆಟ ಕಾರ್ಡ್ಸ್ ಅಗೇನ್ಸ್ಟ್ ಹ್ಯುಮ್ಯಾನಿಟಿಯ ಕಾರ್ಡ್‌ಗಳು ಬೇರೆಯವರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಇವೆ, ನಿಜ. ಆದರೆ ಅದು ವ್ಯಾಪಾರಕ್ಕೆ ಬಳಸಬಾರದು ಎನ್ನುವ ಬಗೆ, ಓಪನ್ ಸೋರ್ಸ್ ವ್ಯಾಖ್ಯೆಗೆ ಹೊಂದುವುದಿಲ್ಲ. ಹಾಗಾಗಿ ಹೊಸ ಕಾರ್ಡ್‌ಗಳನ್ನೇ ಬರೆದು, ಬೇರೆ ಫೋಲ್ಡರ್‌ನಲ್ಲಿ ಬೇರೆ ಲೈಸೆನ್ಸ್ ಫೈಲ್ ಜೊತೆ ಇಟ್ಟೆ.

ಕೋಡ್‌ಗಿಂತ ಕಾರ್ಡ್ ಬರೆದು ಕಳಿಸುವವರೇ ಹೆಚ್ಚು. ಅದಕ್ಕೊಂದು ಚಿಕ್ಕ ಸ್ಕ್ರಿಪ್ಟ್ ಕಾವಲಿಗಿದೆ: ಒಂದೇ ಕಾರ್ಡ್ ಎರಡು ಸಲ ಬಂದಿದೆಯಾ, ಉದ್ದ ಮಿತಿಯೊಳಗಿದೆಯಾ ಅಂತ ನೋಡುತ್ತದೆ. ಉದ್ದ ಎಣಿಸಲು ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಬಳಸಿದರೆ ಕನ್ನಡ ಕಾರ್ಡ್‌ಗಳಿಗೆ ಅನ್ಯಾಯ, ಒಂದು ‘ಕ್ಷ’ವೇ ಅದಕ್ಕೆ 3 (ಕ, ಅರ್ಧಾಕ್ಷರದ ಗುರುತು, ಷ). ಹಾಗಾಗಿ ಅಕ್ಷರ ಎಣಿಸುವುದನ್ನು ಬಿಟ್ಟು, ಕಾರ್ಡ್‌ನ ಅಗಲಕ್ಕೆ ಎಷ್ಟು ಸಾಲು ಬರುತ್ತದೆ ಅಂತ ಅಳೆಯುತ್ತೇನೆ. ಆರು ಸಾಲು ದಾಟಿದರೆ ವಾಪಸ್.