ಕಪ್ಪು ಗ್ರಾನೈಟ್ ಕಟ್ಟೆ, ಹಿಂದೆ ಎಂಥ ಟೈಲ್ಸ್? ಆರಿಸುವುದು, ಅಳೆಯುವುದು, ಹಚ್ಚಿಸುವುದು

ಹುಬ್ಬಳ್ಳಿ–ಧಾರವಾಡದ ಹೊಸ ಮನೆಗಳಲ್ಲಿ ಅಡುಗೆಕಟ್ಟೆಗೆ ಕಪ್ಪು ಇಲ್ಲವೇ ಗಾಢ ಬಣ್ಣದ ಗ್ರಾನೈಟ್ ಹಾಕಿಸುವುದು ರೂಢಿಯೇ ಆಗಿಬಿಟ್ಟಿದೆ. ಒಳ್ಳೆಯ ರೂಢಿ. ಬಿಸಿ ಬೋಗುಣಿ ತಡೆಯುತ್ತದೆ, ಅರಿಶಿನದ ಕಲೆ ಎದ್ದು ಕಾಣುವುದಿಲ್ಲ, ರೊಟ್ಟಿ ಬಡಿಯುವ ಪೆಟ್ಟಿಗೂ ಜಗ್ಗುವುದಿಲ್ಲ. ಆದರೆ ಕಪ್ಪು ಕಲ್ಲು ಬೆಳಕನ್ನು ನುಂಗುತ್ತದೆ. ಮೇಲೆ ಕಪಾಟು ಬಂತೆಂದರೆ ಕಟ್ಟೆಯ ಮೇಲೆ ನೆರಳೂ ಬೀಳುತ್ತದೆ. ಕಾಯಿಪಲ್ಲೆ ಹೆಚ್ಚುವವರ ಕೈಗೆ ಬೆಳಕು ಮರಳಬೇಕಾದದ್ದು ಹಿಂದಿನ ಗೋಡೆಯಿಂದ, ಅಂದರೆ ಗೌಂಡಿಗಳು ‘ಡ್ಯಾಡೋ’ ಎನ್ನುವ ಆ ಎರಡು ಅಡಿ ಎತ್ತರದ ಪಟ್ಟಿಯಿಂದ. ಟೈಲ್ಸ್ ಆರಿಸುವಾಗ ಚಂದಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಕಲ್ಲಿನ ಚೂರು ಹಿಡಿದುಕೊಂಡೇ ಅಂಗಡಿಗೆ ಹೋಗಿ

ಮೊಬೈಲಿನಲ್ಲಿ ತೆಗೆದ ಫೋಟೊ ನಂಬಬೇಡಿ. ಅದರಲ್ಲಿ ಎಲ್ಲ ಕಪ್ಪೂ ಒಂದೇ ಕಪ್ಪು. ಸಿಂಕ್ ಕೂರಿಸಲು ಗ್ರಾನೈಟ್ ಕೊರೆದಾಗ ಒಂದು ದೊಡ್ಡ ತುಂಡು ಉಳಿಯುತ್ತದೆ. ಅದನ್ನು ಎಸೆಯಲು ಬಿಡದೆ, ಅಂಗೈ ಅಗಲದ ಚೂರು ಕತ್ತರಿಸಿ ಕೊಡಲು ಕಲ್ಲಿನವರಿಗೆ ಹೇಳಿ. ಆ ಚೂರನ್ನು ಒರೆಸಿ ಬಿಸಿಲಿಗೆ ಹಿಡಿದರೆ ಅದರೊಳಗಿನ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕಪ್ಪಿನ ನಡುವೆ ಅತಿ ತಿಳಿಯಾದ ಚುಕ್ಕಿ ಯಾವುದಿದೆಯೋ ಅದೇ ನಿಮ್ಮ ಗೋಡೆಯ ಬಣ್ಣಕ್ಕೆ ದಾರಿ.

ಆಂಧ್ರದ ಒಂಗೋಲು ಕಡೆಯಿಂದ ಬರುವ ‘ಬ್ಲ್ಯಾಕ್ ಗ್ಯಾಲಕ್ಸಿ’ಯಲ್ಲಿ ಬಂಗಾರದ ಬಣ್ಣದ ಚುಕ್ಕಿಗಳಿರುತ್ತವೆ. ಇದಕ್ಕೆ ಕೆನೆಬಣ್ಣ, ಆನೆದಂತದ ಬಣ್ಣ ಕೂಡಿಬರುತ್ತದೆ. ತೆಲಂಗಾಣದ ‘ಟ್ಯಾನ್ ಬ್ರೌನ್’ ದೂರಕ್ಕೆ ಕಪ್ಪು, ಹತ್ತಿರಕ್ಕೆ ಕಂದುಗೆಂಪು. ಹೆಚ್ಚು ಜನ ಎಡವುವುದು ಇಲ್ಲಿಯೇ. ನೀಲಿ ಛಾಯೆಯ ಅಚ್ಚ ಬಿಳಿ ಅಥವಾ ತಣ್ಣನೆಯ ಬೂದಿ ಬಣ್ಣದ ಟೈಲ್ಸ್ ಇದರ ಪಕ್ಕ ಬಂದರೆ ಕಲ್ಲು ತುಕ್ಕು ಹಿಡಿದಂತೆ ಕಾಣುತ್ತದೆ. ಇದಕ್ಕೆ ಬಾದಾಮಿ ಬಣ್ಣ, ತಿಳಿ ಮರಳಿನ ಬಣ್ಣವೇ ಸರಿ. ‘ಸ್ಟೀಲ್ ಗ್ರೇ’ ಇದಕ್ಕೆ ತದ್ವಿರುದ್ಧ: ಬಿಳಿ, ತಿಳಿ ಬೂದಿ, ಬಹಳವಾದರೆ ತಿಳಿ ಹಸಿರು ಒಪ್ಪುತ್ತದೆ, ಹಳದಿ ಛಾಯೆಯ ಕೆನೆಬಣ್ಣ ಒಪ್ಪದು. ಚುಕ್ಕಿಯೇ ಇಲ್ಲದ ಅಪ್ಪಟ ಕರಿಕಲ್ಲಾದರೆ ಯಾವ ತಿಳಿ ಬಣ್ಣವೂ ನಡೆಯುತ್ತದೆ. ಸ್ವಲ್ಪ ವಿನ್ಯಾಸ ಬೇಕೆನ್ನುವವರಿಗೆ ಅವಕಾಶವಿರುವುದೂ ಈ ಕಲ್ಲಿನಲ್ಲೇ. ನಮ್ಮ ಪಕ್ಕದ ಇಳಕಲ್‌ನ ಕೆಂಪು ಗ್ರಾನೈಟ್ ಹಾಕಿಸಿದವರು ಕೆಂಪು, ಗುಲಾಬಿ ಟೈಲ್ಸ್ ಕಡೆ ಹೋಗದೆ ಮಾಸಲು ಬಿಳಿಗೆ ನಿಲ್ಲುವುದು ಲೇಸು.

ಕಲ್ಲಿನಲ್ಲಿ ಚುಕ್ಕಿ, ಗೆರೆ ಹೆಚ್ಚಿದ್ದಷ್ಟೂ ಗೋಡೆ ಸಾದಾ ಇರಲಿ. ಅಂಗಡಿಯಲ್ಲಿ ‘ಲೈಟ್, ಡಾರ್ಕ್, ಹೈಲೈಟರ್’ ಎಂದು ಮೂರರ ಜೋಡಿ ತೋರಿಸುತ್ತಾರೆ. ಹೈಲೈಟರ್‌ನಲ್ಲಿ ಚಹಾದ ಕಪ್‌, ಹಣ್ಣಿನ ಬುಟ್ಟಿಯ ಚಿತ್ರಗಳಿರುತ್ತವೆ. ಗಾಢ ಕಟ್ಟೆಯ ಹಿಂದೆ ‘ಡಾರ್ಕ್’ ಬೇಕಾಗಿಯೇ ಇಲ್ಲ, ಕಟ್ಟೆಯೇ ಆ ಕೆಲಸ ಮಾಡಿರುತ್ತದೆ. ‘ಲೈಟ್’ ಒಂದನ್ನೇ ಪೂರ್ತಿ ಹಚ್ಚಿಸಿ.

ಇಷ್ಟವಾದ ಎರಡು ಮೂರು ಬಣ್ಣದ ಒಂದೊಂದು ಟೈಲ್ ಮನೆಗೆ ತನ್ನಿ. ಕಟ್ಟೆಯ ಮೇಲೆ ಮಲಗಿಸಿ ನೋಡಿದರೆ ಪ್ರಯೋಜನವಿಲ್ಲ, ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಚ್ಚಿದ ಮೇಲೆ ಹೀಗೆ ಮೂರು ಸಲ ನೋಡಿ. ಅಂಗಡಿಯ ಬಿಳಿ ದೀಪದಲ್ಲಿ ಕೆನೆಯಂತಿದ್ದದ್ದು ಮನೆಯ ಹಳದಿ ಎಲ್‌ಇಡಿಯಲ್ಲಿ ಹಳೆಯ ಬೆಣ್ಣೆಯಂತೆ ಕಾಣಬಹುದು.

ಎಣ್ಣೆ, ಅರಿಶಿನ, ಖಾರದ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆ ಸಹಿಸಬೇಕಾದದ್ದು ಬಹಳ. ಒಗ್ಗರಣೆಯ ಶೇಂಗಾ ಎಣ್ಣೆ, ಮಿರ್ಚಿ ಕರಿಯುವಾಗಿನ ಜಿಡ್ಡು, ಜೋಳದ ಹಿಟ್ಟಿನ ಧೂಳು, ಮೇಲಿಷ್ಟು ಅರಿಶಿನ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆಯೊಂದಿಗೆ ಸಿಡಿದರೆ ಕೆಂಪಗೆ ಅಂಟಿಕೊಂಡು ಕೂಡುತ್ತದೆ. ಹಾಗಾಗಿ ಒಲೆಯ ಹಿಂದೆ ಉಬ್ಬುತಗ್ಗಿನ ಟೈಲ್ಸ್ ಖಂಡಿತ ಬೇಡ. ಜಿಡ್ಡು ತಗ್ಗಿನಲ್ಲಿ ಕೂಡುತ್ತದೆ, ಅದರ ಮೇಲೆ ಹಿಟ್ಟು ಕೂಡುತ್ತದೆ, ಆಮೇಲೆ ಬಟ್ಟೆಗೆ ಸಿಗುವುದಿಲ್ಲ. ನುಣುಪಾದ ಹೊಳಪಿನ ಟೈಲ್ಸ್ ಒರೆಸಲು ಸುಲಭ, ಬೆಳಕನ್ನೂ ಮರಳಿಸುತ್ತದೆ. ಪಾಲಿಶ್ ಕಲ್ಲಿನ ಜೊತೆ ಅಷ್ಟು ಹೊಳಪು ಬೇಡವೆನಿಸಿದರೆ ಕೈಗೆ ನುಣ್ಣಗೆ ಹತ್ತುವ ಸ್ಯಾಟಿನ್ ಫಿನಿಶ್ ನೋಡಿ.

ಅಮೃತಶಿಲೆಯನ್ನು ಇಲ್ಲಿಗೆ ತರಬೇಡಿ. ಹುಣಸೆ, ನಿಂಬೆಯ ಹುಳಿ ಅದರ ಹೊಳಪು ತಿನ್ನುತ್ತದೆ, ಅರಿಶಿನ ಒಳಗಿಳಿಯುತ್ತದೆ. ಪಿವಿಸಿ ಹಾಳೆ, ಸ್ಟಿಕ್ಕರ್ ಒಲೆಯ ಕಾವಿಗೆ ತಾಳುವುದಿಲ್ಲ. ಬಣ್ಣ ಹಚ್ಚಿದ ಗಾಜು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಟಫನ್ಡ್, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜೇ ಆಗಿರಬೇಕು, ಸ್ವಿಚ್ ಬಾಕ್ಸಿನ ತೂತುಗಳನ್ನು ಟಫನ್ ಮಾಡುವ ಮೊದಲೇ ಕೊರೆಸಬೇಕು. ಆಮೇಲೆ ಕೊರೆಯಲು ಹೋದರೆ ಇಡೀ ಗಾಜು ಪುಡಿಯಾಗುತ್ತದೆ.

ಗದಗ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಸಿಂಕಿನ ಹಿಂದೆ ಉಪ್ಪಿನ ಬಿಳಿ ಕಲೆ ಬರುತ್ತದೆ. ಗಾಢ ಹೊಳಪಿನ ಟೈಲ್ಸ್ ಮೇಲೆ ಅದು ಢಾಳಾಗಿ ಕಾಣುತ್ತದೆ, ತಿಳಿ ಬಣ್ಣದಲ್ಲಿ ಮರೆಯಾಗುತ್ತದೆ.

ಅಳತೆ: ಸಂದು ಕಡಿಮೆಯಾದಷ್ಟೂ ಸುಖ

ಈಗ ಸಣ್ಣ ‘ಸಬ್‌ವೇ’ ಟೈಲ್ಸ್‌ಗೆ, ಅಂದರೆ 75×150 ಮಿ.ಮೀ. ಅಳತೆಯವಕ್ಕೆ ಬಹಳ ಬೇಡಿಕೆ. ಕಪ್ಪು ಕಟ್ಟೆಯ ಮೇಲೆ ಬಿಳಿ ಸಬ್‌ವೇ ಚಂದ ಕಾಣುವುದು ನಿಜ. ಆದರೆ 300×600 ಮಿ.ಮೀ. ಟೈಲ್ಸ್‌ಗೆ ಹೋಲಿಸಿದರೆ ಸಂದುಗಳ ಒಟ್ಟು ಉದ್ದ ನಾಲ್ಕು ಪಟ್ಟು. ಅರಿಶಿನ ಹಿಡಿಯುವುದು ಟೈಲ್ಸ್ ಮೇಲಲ್ಲ, ಸಂದಿನಲ್ಲಿ. ಅದೇ ನೋಟ ಬೇಕೇಬೇಕೆಂದರೆ ಸಿಂಕಿನ ಗೋಡೆಗೆ ಸಬ್‌ವೇ ಹಾಕಿ, ಒಲೆಯ ಹಿಂದೆ ಅದೇ ಬಣ್ಣದ ದೊಡ್ಡ ಟೈಲ್ಸ್ ಹಾಕಿ.

300×600 ಅಡ್ಡಲಾಗಿ ಎರಡು ಸಾಲು ಹಚ್ಚಿದರೆ 600 ಮಿ.ಮೀ., ನಡುವಿನ ಸಂದು 2, ಕಟ್ಟೆಯ ಬಳಿ ಬಿಡಬೇಕಾದ ಜಾಗ 3, ಒಟ್ಟು 605. ಮೇಲಿನ ಕಪಾಟು ಕಟ್ಟೆಯಿಂದ ಸರಿಯಾಗಿ 24 ಇಂಚಿಗೆ, ಅಂದರೆ ಸುಮಾರು 610 ಮಿ.ಮೀ.ಗೆ ಬಂದರೆ ಒಂದೂ ಟೈಲ್ ಎತ್ತರದಲ್ಲಿ ಕತ್ತರಿಸಬೇಕಾಗಿಲ್ಲ. ಬಡಿಗನಿಗೂ ಗೌಂಡಿಗೂ ಈ ಒಂದೇ ಅಳತೆಯನ್ನು ಬರೆದು ಕೊಡಿ. ಬಡಿಗ 22 ಇಂಚಿಗೆ ಕಪಾಟು ಇಳಿಸಿದರೆ ಎರಡನೆಯ ಸಾಲು ಪೂರ್ತಿ ಕತ್ತರಿಸಬೇಕಾಗುತ್ತದೆ.

ಎಷ್ಟು ಬೇಕು? ಎಲ್ ಆಕಾರದ ಕಟ್ಟೆ, ಒಂದು ಗೋಡೆ 8 ಅಡಿ, ಇನ್ನೊಂದು 6 ಅಡಿ ಎಂದುಕೊಳ್ಳಿ. 14 ಅಡಿಗೆ 2 ಅಡಿ ಎತ್ತರ, 28 ಚದರ ಅಡಿ. ಒಲೆಯ ಹಿಂದೆ 3 ಅಡಿ ಅಗಲದಲ್ಲಿ ಮಾಳಿಗೆಯವರೆಗೂ ಹಚ್ಚುವುದಾದರೆ, 10 ಅಡಿ ಎತ್ತರದ ಕೋಣೆಯಲ್ಲಿ 33 ಇಂಚಿನ ಕಟ್ಟೆ ಮತ್ತು ಡ್ಯಾಡೋ ಕಳೆದು ಐದೂಕಾಲು ಅಡಿ ಉಳಿಯುತ್ತದೆ. ಅದಕ್ಕೆ ಇನ್ನೂ 16 ಚದರ ಅಡಿ. ಒಟ್ಟು 44, ಕತ್ತರಿಸುವ ನಷ್ಟಕ್ಕೆ ಶೇ 10 ಸೇರಿಸಿ ಸುಮಾರು 48. ಈ ಅಳತೆಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 5 ಟೈಲ್ಸ್ ಇರುತ್ತವೆ, 9.69 ಚದರ ಅಡಿ. ಐದು ಪೆಟ್ಟಿಗೆಗೆ ಲೆಕ್ಕ ಮುಗಿಯುತ್ತದೆ. ಆದರೂ ಆರು ತನ್ನಿ. ಸಣ್ಣ ಕಿಟಕಿಯಿದ್ದರೆ ಅದರ ಜಾಗ ಕಳೆಯಬೇಡಿ, ಅದರ ಸುತ್ತ ಕತ್ತರಿಸುವಾಗ ಅಷ್ಟು ಹೋಗಿಯೇ ಹೋಗುತ್ತದೆ. ಎಲ್ಲ ಪೆಟ್ಟಿಗೆಗಳ ಮೇಲೆ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಬೇರೆ ಬ್ಯಾಚಿನ ತಿಳಿ ಬಣ್ಣ ಗೋಡೆಯ ಮೇಲೆ ಪಟ್ಟಿಯಾಗಿ ಎದ್ದು ಕಾಣುತ್ತದೆ.

ಹಚ್ಚುವ ಮೊದಲು ಗೋಡೆಯ ಪರೀಕ್ಷೆ

ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಿಗೆ ಇದು ಬಹಳ ಮುಖ್ಯ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅಡಿಪಾಯ ಸರಿಯಿಲ್ಲದಿದ್ದರೆ ಗೋಡೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾಗಿ ಪಿಒಪಿ ಹಚ್ಚಿ ದಿನಾಂಕ ಬರೆದಿಡಿ. ಎರಡು ಮೂರು ತಿಂಗಳಲ್ಲಿ ಅದೂ ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಅದರ ಮೇಲೆ ಎಂಥ ದುಬಾರಿ ಟೈಲ್ಸ್ ಹಚ್ಚಿದರೂ ಒಡೆಯುತ್ತದೆ. ಬೆಳೆಯದ ಬಿರುಕಾದರೆ ಅಗಲಿಸಿ ಕೆತ್ತಿ, ಪಾಲಿಮರ್ ಗಚ್ಚು ತುಂಬಿ, ಜಾಳಿಗೆ ಅಂಟಿಸಿ ಮುಂದುವರಿಯಬಹುದು.

ಹೊಸ ಗಿಲಾವು ಆಗಿದ್ದರೆ 28 ದಿನ ಬಿಡಿ. ಹಳೆಯ ಗೋಡೆಗೆ ಪೇಂಟ್ ಇದ್ದರೆ ಪೂರ್ತಿ ಕೆರೆದು ಚಾಣದಿಂದ ಕಚ್ಚು ಹಾಕಿಸಿ. 6 ಅಡಿ ಪಟ್ಟಿ ಹಿಡಿದಾಗ 3 ಮಿ.ಮೀ.ಗಿಂತ ಹೆಚ್ಚು ತಗ್ಗಿದ್ದರೆ ಮೊದಲು ಗಿಲಾವಿನಲ್ಲೇ ಸರಿಪಡಿಸಬೇಕು, ಅಂಟಿನ ದಪ್ಪದಲ್ಲಿ ಸರಿಮಾಡಲು ಹೋಗಬಾರದು.

ಸ್ವಿಚ್ ಬಾಕ್ಸುಗಳ ಕೆಲಸವೂ ಈಗಲೇ ಮುಗಿಯಬೇಕು. ಮಿಕ್ಸರ್, ನೀರಿನ ಫಿಲ್ಟರ್, ಇಂಡಕ್ಷನ್, ಚಿಮಣಿ, ಎಲ್ಲಕ್ಕೂ ಲೆಕ್ಕ ಹಾಕಿ. ಅಂಟು 3, ಟೈಲ್ಸ್ 8–9, ಒಟ್ಟು 12 ಮಿ.ಮೀ.ನಷ್ಟು ಬಾಕ್ಸ್ ಗಿಲಾವಿನಿಂದ ಹೊರಗಿರಲಿ. ಒಳಗೆ ಹೂತರೆ ಆಮೇಲೆ ಸ್ವಿಚ್ ಫಲಕ ಭದ್ರವಾಗಿ ಕೂಡುವುದಿಲ್ಲ.

ಹಚ್ಚುವ ಕ್ರಮ

ಮೊದಲು ಗ್ರಾನೈಟ್, ಆಮೇಲೆ ಟೈಲ್ಸ್. ಕಲ್ಲಿನ ಮೇಲೆ ದಪ್ಪ ರಟ್ಟು ಹಾಸಿ. ನಂತರ ಅಂಟು ಹಚ್ಚದೆ ಟೈಲ್ಸ್‌ನ ಜೋಡಣೆ ನೋಡಿ: ಒಲೆಯ ಹಿಂದೆ ನಡುಮಧ್ಯದಿಂದ ಇಡೀ ಟೈಲ್ಸ್ ಬರಲಿ, ತುಂಡುಗಳು ಫ್ರಿಜ್ ಹಿಂದಿನ ಮೂಲೆಗೆ ಹೋಗಲಿ.

ಅನೇಕ ಗೌಂಡಿಗಳು ಟೈಲ್ ಹಿಂದೆ ನಾಲ್ಕು ಮೂಲೆಗೆ, ನಡುವೆ ಒಂದರಂತೆ ಗಚ್ಚಿನ ಉಂಡಿ ಇಟ್ಟು ಒತ್ತಿಬಿಡುತ್ತಾರೆ. ಬೇಗ ಆಗುತ್ತದೆ, ಆದರೆ ಹಿಂದೆ ಟೊಳ್ಳು ಉಳಿಯುತ್ತದೆ. ಸ್ವಿಚ್ ಕೂರಿಸಲು ಡ್ರಿಲ್ ಇಟ್ಟಾಗ ಟೈಲ್ ಒಡೆಯುತ್ತದೆ, ಟೊಳ್ಳಿನಲ್ಲಿ ಜೊಂಡಿಗ ಸೇರುತ್ತವೆ. ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್ ಆಗಿದ್ದರಂತೂ ಅದು ನೀರನ್ನು ಶೇ 0.5ಕ್ಕಿಂತ ಹೆಚ್ಚು ಹೀರದ ಕಾರಣ ಬರಿ ಸಿಮೆಂಟ್ ಹಾಲು ಹಿಡಿಯುವುದೇ ಇಲ್ಲ. ಟೈಲ್ ಅಂಟನ್ನು 6 ಮಿ.ಮೀ. ಹಲ್ಲಿನ ಕರಣೆಯಿಂದ ಇಡೀ ಗೋಡೆಗೆ ಗೆರೆಗೆರೆಯಾಗಿ ಎಳೆದು ಹಚ್ಚಿಸಿ. 20 ಕಿಲೊ ಚೀಲ 3 ಮಿ.ಮೀ. ದಪ್ಪಕ್ಕೆ ಸುಮಾರು 45 ಚದರ ಅಡಿ ಬರುತ್ತದೆ. ಅಂಟು ಬಳಸುವಾಗ ಟೈಲ್ಸ್ ನೆನೆಸಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗೋಡೆಯ ಮೇಲೆ ಅಂಟು ಬೇಗ ಪೊರೆಗಟ್ಟುತ್ತದೆ, ಒಂದು ಸಲಕ್ಕೆ ಎರಡು ಮೂರು ಟೈಲ್‌ಗಾಗುವಷ್ಟೇ ಹಚ್ಚಬೇಕು. ಮರುದಿನ ಒಂದೊಂದೇ ಟೈಲ್ ಬೆರಳಿನಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ ಹಚ್ಚಿಸಿ.

ಸಂದಿಗೆ ಎಪಾಕ್ಸಿ ಗ್ರೌಟ್, ಅಂದರೆ ರಾಳ ಬೆರೆಸಿದ ಸಂದು ತುಂಬುವ ಮಿಶ್ರಣ ತುಂಬಿಸಿ, ಸಿಮೆಂಟ್ ಗ್ರೌಟಿನಷ್ಟು ಅದು ಎಣ್ಣೆ, ಅರಿಶಿನ ಹೀರುವುದಿಲ್ಲ. ಮೇಲಿನ ಲೆಕ್ಕದ ಗೋಡೆಗೆ 2 ಮಿ.ಮೀ. ಸಂದಿನಲ್ಲಿ ಸುಮಾರು ಅರ್ಧ ಕಿಲೊ ಸಾಕು, ಸಬ್‌ವೇ ಆದರೆ ಎರಡು ಕಿಲೊ ಬೇಕು. ಬಣ್ಣ ಟೈಲ್ಸ್‌ಗಿಂತ ಒಂದು ಛಾಯೆ ಗಾಢವಿರಲಿ. ಕಲ್ಲಿಗೆ ಹೊಂದಲೆಂದು ಕಪ್ಪು ಗ್ರೌಟ್ ತುಂಬಿದರೆ ಗೋಡೆಗೆ ಬಲೆ ಹೊದಿಸಿದಂತೆ ಕಾಣುತ್ತದೆ. ಮೇಲಂಟಿದ ಎಪಾಕ್ಸಿಯನ್ನು ಗಟ್ಟಿಯಾಗುವ ಮೊದಲೇ ಒದ್ದೆ ಸ್ಪಂಜಿನಿಂದ ಒರೆಸಿ ತೆಗೆಯಬೇಕು. ರಾತ್ರಿ ಕಳೆದರೆ ಆ ಮಬ್ಬು ಪೊರೆ ಬಿಡುವುದು ಬಹಳ ಕಷ್ಟ.

ಗ್ರಾನೈಟ್ ಮತ್ತು ಟೈಲ್ಸ್ ಕೂಡುವ 3 ಮಿ.ಮೀ. ಸಂದಿಗೆ ಮಾತ್ರ ಗ್ರೌಟ್ ಬೇಡ. ಕಟ್ಟೆಯೂ ಗೋಡೆಯೂ ಬೇರೆಬೇರೆಯಾಗಿ ಅಲುಗುವುದರಿಂದ ಅಲ್ಲಿ ಗಟ್ಟಿ ಗ್ರೌಟ್ ಬಿರುಕು ಬಿಟ್ಟು, ನೀರು ಕೆಳಗಿನ ಕಪಾಟಿಗೆ ಇಳಿಯುತ್ತದೆ. ಬೂಷ್ಟು ಹಿಡಿಯದ ಸ್ಯಾನಿಟರಿ ಸಿಲಿಕಾನ್ ತುಂಬಿಸಿ, 24 ಗಂಟೆ ನೀರು ತಾಗದಂತೆ ನೋಡಿಕೊಳ್ಳಿ. ಮುಂದೆ ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು, ಒಣಬಟ್ಟೆ ಸಾಕು. ಬಚ್ಚಲಿಗೆ ಹಾಕುವ ಆಸಿಡ್ ತಾಗಿದರೆ ಕಲ್ಲಿನ ಪಾಲಿಶ್ ಮಂಕಾಗುತ್ತದೆ. ಉಳಿದ ಟೈಲ್ಸ್ ಅನ್ನು ಪೆಟ್ಟಿಗೆಯ ಶೇಡ್ ಸಂಖ್ಯೆಯ ಚೀಟಿ ಸಮೇತ ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಿಡಿ.