ಫಾರ್ಮ್‌ನ ಬಾಕ್ಸ್‌ಗಳಿಗೂ ನಿಮ್ಮ ಕನ್ನಡ ಫಾಂಟ್ ಬರಬೇಕಾ?

ನಿಮ್ಮ ವೆಬ್ ಪುಟದ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) 'ಬಾಡಿ' ಟ್ಯಾಗ್‌ಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದ್ದೀರಿ, ಪುಟವೆಲ್ಲ ಚೆನ್ನಾಗಿದೆ. ಆದರೆ ಹೆಸರು, ವಿಳಾಸ ಬರೆಯುವ ಬಾಕ್ಸ್‌ನಲ್ಲಿ ಮಾತ್ರ ಬೇರೆಯೇ ಫಾಂಟ್, ಅದೂ ಚಿಕ್ಕದಾಗಿ. ಇದು ನಿಮ್ಮ ತಪ್ಪಲ್ಲ. ಇನ್‌ಪುಟ್, ಟೆಕ್ಸ್ಟ್‌ಏರಿಯಾ, ಸೆಲೆಕ್ಟ್, ಬಟನ್ ಈ ನಾಲ್ಕಕ್ಕೂ ಬ್ರೌಸರ್ ತನ್ನದೇ ಫಾಂಟ್ ಕೊಟ್ಟಿರುತ್ತದೆ. ಕ್ರೋಮ್‌ನಲ್ಲಿ ಫಾಂಟ್ ಅಳತೆ ಸುಮಾರು 13.33 ಪಿಕ್ಸೆಲ್.

ನಾಲ್ಕನ್ನೂ ಕಾಮಾ ಹಾಕಿ ಒಂದೇ ಸೆಲೆಕ್ಟರ್‌ನಲ್ಲಿ (ಸ್ಟೈಲ್ ಯಾವುದಕ್ಕೆ ಎಂದು ಹೇಳುವ ಭಾಗ) ಬರೆದು, ಒಳಗೆ 'ಫಾಂಟ್: ಇನ್ಹೆರಿಟ್' ಎಂದು, ಅಂದರೆ ಹೊರಗಿನ ಫಾಂಟನ್ನೇ ತೆಗೆದುಕೋ ಎಂದು ಕೊಡಿ. ಅಷ್ಟೇ ಸಾಕು. (ಕೋಡ್‌ನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.)

ಸುಮಾರು ಜನ ಚೌಕ ಬ್ರಾಕೆಟ್‌ನ 'ಟೈಪ್ ಈಕ್ವಲ್ಸ್ ಟೆಕ್ಸ್ಟ್' ಸೆಲೆಕ್ಟರ್ ಬಳಸುತ್ತಾರೆ. ನಾನೂ ಹಾಗೇ ಮಾಡಿ ಒಂದು ಸಂಜೆ ಪೂರ್ತಿ ಒದ್ದಾಡಿದ್ದೆ. ಎಚ್‌ಟಿಎಂಎಲ್‌ನಲ್ಲಿ ಟೈಪ್ ಬರೆಯದೇ ಬಿಟ್ಟರೂ ಬಾಕ್ಸ್ ಟೆಕ್ಸ್ಟ್ ಬಾಕ್ಸ್‌ನಂತೆಯೇ ಕಾಣುತ್ತದೆ, ಆದರೆ ಆ ಸೆಲೆಕ್ಟರ್‌ಗೆ ಅದು ಸಿಗುವುದಿಲ್ಲ. ಇಮೇಲ್, ಪಾಸ್‌ವರ್ಡ್ ಬಾಕ್ಸ್‌ಗಳ ಟೈಪ್ ಬೇರೆ, ಅವೂ ಸಿಗುವುದಿಲ್ಲ.

ಕನ್ನಡಕ್ಕೆ ಇನ್ನೊಂದು ಮಾತು. ಬಾಕ್ಸ್‌ಗೆ ಹೈಟ್ ಕಟ್ಟಿಹಾಕಬೇಡಿ. 'ಸ್ತ್ರೀ', 'ರಾಷ್ಟ್ರ' ಎಂದು ಟೈಪ್ ಮಾಡಿ ನೋಡಿ, ಕೆಳಗಿನ ಒತ್ತಕ್ಷರ ಅರ್ಧ ಕತ್ತರಿಸಿಹೋಗಬಹುದು. ನಮ್ಮ ಹೆಸರನ್ನೇ ಹಾಗೆ ನೋಡೋಕೆ ಬೇಜಾರಾಗುತ್ತೆ ಅಲ್ವಾ? ಹೈಟ್ ತೆಗೆದು ಪ್ಯಾಡಿಂಗ್ (ಅಕ್ಷರದ ಸುತ್ತ ಒಳಗಿನ ಜಾಗ) ಕೊಡಿ, ಲೈನ್-ಹೈಟ್ (ಸಾಲಿನ ಎತ್ತರ) 1.6ರ ಹತ್ತಿರ ಇಡಿ.

ಫಾಂಟ್ ಅಳತೆ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಕಡಿಮೆಯಾದರೆ ಐಫೋನ್‌ನಲ್ಲಿ ಬಾಕ್ಸ್ ಮುಟ್ಟಿದ ತಕ್ಷಣ ಪುಟ ಜೂಮ್ ಆಗಿಬಿಡುತ್ತದೆ.