ಕವಲೊಡೆಯದ ಪಾರ್ಸ್‌ನಿಪ್ ಬೆಳೆಯುವುದು ಹೇಗೆ?

ಕ್ಯಾರೆಟ್, ಕೊತ್ತಂಬರಿಗಳ ಕುಟುಂಬಕ್ಕೇ ಸೇರಿದ ಪಾರ್ಸ್‌ನಿಪ್, ಕೆನೆಬಣ್ಣದ ಸಿಹಿ ಬೇರು ತರಕಾರಿ. ಇದನ್ನು ಬೆಳೆದವರ ದೂರು ಸಾಮಾನ್ಯವಾಗಿ ಒಂದೇ: ಕಿತ್ತು ನೋಡಿದರೆ ಗಡ್ಡೆಗೆ ಎರಡು ಮೂರು ಕಾಲು. ಈ ತಪ್ಪು ಆಗುವುದು ಬೆಳೆಯ ಮೊದಲ ವಾರಗಳಲ್ಲಿ. ಮೊಳಕೆಯೊಡೆದ ಕೂಡಲೇ ತಾಯಿಬೇರು ದಾರದಷ್ಟು ತೆಳ್ಳಗೆ ಆಳಕ್ಕೆ ಇಳಿಯುತ್ತದೆ, ದಪ್ಪವಾಗುವುದು ಆಮೇಲೆ. ಇಳಿಯುವಾಗ ಅದರ ತುದಿ ಕಲ್ಲಿಗೋ ಗಟ್ಟಿ ಹೆಂಟೆಗೋ ತಾಗಿ ಹಾಳಾದರೆ ಪಕ್ಕದ ಬೇರುಗಳು ಆ ಕೆಲಸ ವಹಿಸಿಕೊಂಡು ದಪ್ಪವಾಗುತ್ತವೆ. ಅವೇ ಆ ಕಾಲುಗಳು.

ಹಾಗಾಗಿ ಶ್ರಮವೆಲ್ಲ ಬಿತ್ತನೆಗೆ ಮೊದಲೇ ಬೀಳಲಿ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗ ಆರಿಸಿ 40 ಸೆಂ.ಮೀ. ಆಳದವರೆಗೆ ಅಗೆಯಿರಿ. ಕಲ್ಲು, ಹಳೆಯ ಬೇರು ಆರಿಸಿ ತೆಗೆದು, ಹೆಂಟೆಗಳನ್ನು ಪುಡಿಮಾಡಿ. ಒದ್ದೆ ಮಣ್ಣನ್ನು ಅಗೆಯಬೇಡಿ, ಒಣಗಿದಾಗ ಇಟ್ಟಿಗೆಯಂತಾಗುತ್ತದೆ. ಹಸಿ ಸಗಣಿ ಗೊಬ್ಬರವಂತೂ ಬೇಡವೇ ಬೇಡ. ಬೇರು ಕವಲೊಡೆಯಲು ಅದೂ ಕಾರಣವಾಗುತ್ತದೆ, ಸಾರಜನಕ ಹೆಚ್ಚಾಗಿ ಸೊಪ್ಪೂ ಸೊಕ್ಕುತ್ತದೆ. ಹಿಂದಿನ ಬೆಳೆಗೆ ಗೊಬ್ಬರ ಉಂಡ ಮಡಿಯೇ ಇದಕ್ಕೆ ಸಾಕು. ಅಗೆದ ಮಡಿಯನ್ನು ಮತ್ತೆ ತುಳಿಯಬಾರದು.

ಮಣ್ಣು ಕಲ್ಲುಮಯವಾಗಿದ್ದರೆ ಅಥವಾ ಜೇಡಿಯಾಗಿದ್ದರೆ ಇಡೀ ಮಡಿಯನ್ನು ಸರಿಪಡಿಸಲು ಹೆಣಗುವುದಕ್ಕಿಂತ ಒಂದೊಂದು ಗಡ್ಡೆಗೂ ಒಂದೊಂದು ಗುಂಡಿ ಮಾಡುವುದು ಮೇಲು. ಹಾರೆಯನ್ನು 60 ಸೆಂ.ಮೀ. ಇಳಿಸಿ ಸುತ್ತಲೂ ತಿರುಗಿಸುತ್ತಾ ಬಂದರೆ ಮೇಲೆ 10 ಸೆಂ.ಮೀ. ಅಗಲದ, ಕೆಳಗೆ ಚೂಪಾದ ಗುಂಡಿಯಾಗುತ್ತದೆ. ಜರಡಿ ಹಿಡಿದ ತೋಟದ ಮಣ್ಣು, ಮರಳು, ಪೂರ್ತಿ ಕಳಿತ ಕಾಂಪೋಸ್ಟ್ ಇವನ್ನು ಸಮಪಾಲು ಬೆರೆಸಿ ತುಂಬಿ. ಒಂದು ಗುಂಡಿಗೆ ಲೆಕ್ಕದ ಪ್ರಕಾರ ಸುಮಾರು ಒಂದೂವರೆ ಲೀಟರ್ ಮಿಶ್ರಣ ಹಿಡಿಯುತ್ತದೆ. ಕುಸಿಯುವುದನ್ನೂ ಸೇರಿಸಿ ಎರಡು ಲೀಟರ್ ಇಟ್ಟುಕೊಳ್ಳಿ. ನಡುವೆ ಪೊಳ್ಳು ಉಳಿಯದಂತೆ ತುಂಬುತ್ತಾ ಮೆಲ್ಲಗೆ ಅದುಮಬೇಕು. ಶ್ರಮದ ಕೆಲಸ ನಿಜ, ಆದರೆ ನೆಟ್ಟಗಿನ ಉದ್ದ ಗಡ್ಡೆಗೆ ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ.

ಬೀಜ ಹೊಸದೇ ಆಗಬೇಕು. ಪಾರ್ಸ್‌ನಿಪ್ ಬೀಜದ ಮೊಳಕೆಯ ಶಕ್ತಿ ಒಂದು ವರ್ಷದಾಚೆಗೆ ಬೇಗ ಕುಗ್ಗುತ್ತದೆ, ಕಳೆದ ವರ್ಷ ಉಳಿದ ಪೊಟ್ಟಣವನ್ನು ನೆಚ್ಚಬೇಡಿ. ತಂಪು ಹವೆ ಇದಕ್ಕೆ ಹಿತ. ಮಣ್ಣಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವಾಗ ಬಿತ್ತಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರದಲ್ಲಿ, ಒಂದೂವರೆ ಸೆಂ.ಮೀ. ಆಳಕ್ಕೆ ಮೂರು ಮೂರು ಬೀಜ ಹಾಕಿ. ಹಗುರವಾದ, ಹಾಳೆಯಂಥ ಬೀಜ ಇದು, ಗಾಳಿಯಿಲ್ಲದ ಹೊತ್ತು ನೋಡಿಕೊಳ್ಳಿ.

ಮೊಳಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಬೀಜ ಕೆಟ್ಟಿತೆಂದುಕೊಂಡು ಮಣ್ಣು ಕೆದಕುವವರೇ ಹೆಚ್ಚು. ಕಾಯಿರಿ, ಅಷ್ಟೂ ದಿನ ಮೇಲ್ಮಣ್ಣು ಒಣಗದಂತೆ ಸಣ್ಣ ತೂತುಗಳ ಮೂತಿಯಿರುವ ನೀರಿನ ಕ್ಯಾನಿನಿಂದ ನೀರು ಚಿಮುಕಿಸುತ್ತಿರಿ. ಸಾಲು ಎಲ್ಲಿದೆಯೆಂದು ತಿಳಿಯಲು ನಡುನಡುವೆ ಕೆಲವು ಮೂಲಂಗಿ ಬೀಜ ಹಾಕಿದರೆ ಒಂದು ವಾರದೊಳಗೇ ಅವು ಮೊಳೆತು ಗುರುತು ತೋರಿಸುತ್ತವೆ, ಕಳೆ ಕೀಳುವುದು ಸಲೀಸು. ಟ್ರೇಯಲ್ಲಿ ಸಸಿ ಮಾಡಿ ನಾಟಿ ಮಾಡುವ ಯೋಚನೆ ಬಿಡಿ: ಕೀಳುವಾಗ ತಾಯಿಬೇರಿನ ತುದಿ ಮುರಿಯುತ್ತದೆ ಅಥವಾ ಮಡಚಿಕೊಳ್ಳುತ್ತದೆ. ಒದ್ದೆ ಕಾಗದದಲ್ಲಿ ಮೊಳಕೆ ಬರಿಸಿ ಬಿತ್ತಬಹುದು, ಆದರೆ ಬಿಳಿ ತುದಿ ಇಣುಕಿದ ಕೂಡಲೇ ಮಣ್ಣಿಗೆ ಸೇರಿಸಬೇಕು.

ಸಸಿಗಳು 5 ಸೆಂ.ಮೀ. ಆದಾಗ ಪ್ರತಿ ಜಾಗದಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ, ಮಿಕ್ಕವನ್ನು ನೆಲಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಉಳಿದದ್ದರ ಬೇರೂ ಅಲುಗುತ್ತದೆ. ಮುಂದೆ ನೀರು ಒಂದೇ ಹದದಲ್ಲಿರಲಿ; ಒಣಗಲು ಬಿಟ್ಟು ಒಮ್ಮೆಲೇ ಸುರಿದರೆ ಗಡ್ಡೆ ಸೀಳುತ್ತದೆ. ಕಳೆಯನ್ನು ಬುಡದ ಹತ್ತಿರ ಕೈಯಿಂದಲೇ ತೆಗೆಯಿರಿ. ಗುದ್ದಲಿಯ ಏಟು ಬಿದ್ದ ಗಾಯದಿಂದ ಕ್ಯಾಂಕರ್ ಎಂಬ ಕೊಳೆರೋಗ ಒಳಹೊಗುತ್ತದೆ, ಗಡ್ಡೆಯ ತಲೆಭಾಗ ಕಂದು ಅಥವಾ ಕಪ್ಪಾಗುತ್ತದೆ. ತಲೆ ಹೊರಗೆ ಕಾಣಿಸಿದರೆ ಮಣ್ಣು ಏರಿಸಿ ಮುಚ್ಚಿ. ಈ ರೋಗ ಮತ್ತೆ ಮತ್ತೆ ಕಾಡುವ ತೋಟದಲ್ಲಿ ಅದನ್ನು ತಡೆಯುವ ತಳಿಯನ್ನೇ ಕೇಳಿ ತರಬೇಕು.

ಒಂದು ಎಚ್ಚರಿಕೆ ಮಾತ್ರ ಖಂಡಿತ ಮರೆಯಬೇಡಿ. ಸೊಪ್ಪು, ದಂಟಿನ ರಸ ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ ತೊಟ್ಟು ಕೆಲಸ ಮಾಡಿ, ಮಕ್ಕಳನ್ನು ದೂರವಿಡಿ.

ಬಿತ್ತಿದ ನಾಲ್ಕೈದು ತಿಂಗಳಿಗೆ ಗಡ್ಡೆ ಸಿದ್ಧ. ಚಳಿ ಬಿದ್ದಷ್ಟೂ ಒಳಗಿನ ಪಿಷ್ಟ ಸಕ್ಕರೆಯಾಗಿ ರುಚಿ ಏರುವುದರಿಂದ ಚಳಿಗಾಲವಿಡೀ ಮಣ್ಣಿನಲ್ಲೇ ಬಿಡಬಹುದು. ಆದರೆ ಎರಡನೇ ವರ್ಷದ ಚಿಗುರು ಏಳುವ ಮೊದಲೇ ಕೀಳಬೇಕು, ಹೂದಂಟು ಬಂದರೆ ಗಡ್ಡೆ ನಾರಾಗುತ್ತದೆ. ಕೀಳುವಾಗ ಸೊಪ್ಪು ಹಿಡಿದು ಎಳೆಯದೆ, ಒಂದು ಗೇಣು ದೂರದಲ್ಲಿ ಆಳವಾಗಿ ಅಗೆದು ಮಣ್ಣು ಸಡಿಲಿಸಿ ಎತ್ತಿ. ಉದ್ದ ಬೇರಿನ ತುದಿಯೂ ಮುರಿಯದೆ ಬರುತ್ತದೆ.